ಒಳಗಿನ ಅತಿಥಿಯ ಎರಡು ಸ್ವರ

ಟುಣ್-ಟಿಣ್.

ಮೊದಲ ಸ್ವರ ತಗ್ಗಿನಲ್ಲಿ, ಎರಡನೆಯದು ಒಂದು ಮೆಟ್ಟಿಲು ಮೇಲೆ. ಹಳೆಯ ವಿಂಡೋಸ್ ಕಂಪ್ಯೂಟರಿಗೆ ಹೊರಗಿನಿಂದ ಏನನ್ನಾದರೂ ಸಿಕ್ಕಿಸಿದಾಗ ಅದು ಮಾಡುತ್ತಿದ್ದ ಸದ್ದು ಇದು. ಕಿತ್ತಾಗ ಅವೇ ಎರಡು ಸ್ವರಗಳು ತಲೆಕೆಳಗಾಗಿ ಬರುತ್ತಿದ್ದವು: ಟಿಣ್-ಟುಣ್. ಏರಿದರೆ ಯಾರೋ ಬಂದರು, ಇಳಿದರೆ ಯಾರೋ ಹೋದರು. ಈಗಿನ ಕಂಪ್ಯೂಟರುಗಳ ಸದ್ದೇ ಬೇರೆ, ಕೆಲವಕ್ಕಂತೂ ಬಾಯೇ ಇಲ್ಲ. ಆದರೆ ಎಲ್ಲಾದರೂ ಅಂಗಡಿಯಲ್ಲೋ ಬ್ಯಾಂಕಿನಲ್ಲೋ ಆ ಇಳಿಯುವ ಜೋಡಿ ಕಿವಿಗೆ ಬಿದ್ದರೆ ಇವತ್ತಿಗೂ ತಟ್ಟನೆ ತಿರುಗಿ ನೋಡುತ್ತೇನೆ. ಅರಕಲಗೂಡಿನ ಟೀಚರ್ ನೆನಪಾಗುತ್ತಾರೆ.

ನಾನು ಕಿವಿ ಪರೀಕ್ಷೆ ಮಾಡುವವಳು. ಆಡಿಯಾಲಜಿಸ್ಟ್ ಅಂದರೆ ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ‘ಕಿವಿ ಅಮ್ಮ’ ಅಂದರೆ ಆಟೋದವರೂ ಮನೆ ಬಾಗಿಲಿಗೆ ತಂದು ಬಿಡುತ್ತಾರೆ. ಹಾಸನದ ಕಾನ್ವೆಂಟಿನಲ್ಲಿ ಓದಿದೆ, ಮೈಸೂರಿನಲ್ಲಿ ಈ ವಿದ್ಯೆ ಕಲಿತೆ, ಆಸ್ಪತ್ರೆಗಳಲ್ಲಿ ದುಡಿದು ರಿಟೈರ್ ಆದೆ. ಆಮೇಲೆ ಹಾಸನದ ಮನೆಯ ಮುಂದಿನ ಕೋಣೆಯನ್ನೇ ಕ್ಲಿನಿಕ್ ಮಾಡಿಕೊಂಡೆ. ವಾರಕ್ಕೊಮ್ಮೆ ಹೊಳೆನರಸೀಪುರ, ತಿಂಗಳಿಗೊಮ್ಮೆ ಚನ್ನರಾಯಪಟ್ಟಣ, ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಂಪು ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಆನೆಸ್ಟ್ಲಿ, ವಯಸ್ಸಾದ ಮೇಲೆ ನನಗೆ ಬಂದ ಸುಖವೆಲ್ಲ ಬೇರೆಯವರು ‘ಹಾಂ, ಕೇಳಿಸ್ತು’ ಅಂದಾಗ ಬಂದದ್ದೇ.

ನಾವು ಕಾನ್ವೆಂಟಿನಲ್ಲಿದ್ದಾಗ ಎಲೊಕ್ಯೂಷನ್ ಕ್ಲಾಸಿನ ಸಿಸ್ಟರ್ ನಮ್ಮ ತುಟಿಯ ಮುಂದೆ ಒಂದು ಹಾಳೆ ಹಿಡಿಯುತ್ತಿದ್ದರು. ‘ಪ’ ಅಂದಾಗ ಹಾಳೆ ಅಲ್ಲಾಡಬೇಕು. ‘ಸ’ ಅಂದಾಗ ಅಲ್ಲಾಡದೆ ಬರೀ ಗಾಳಿ ಹಾಯಬೇಕು. ಅದೇ ಹಾಳೆಯನ್ನು ನಾನು ಜೀವನವಿಡೀ ಹಿಡಿದೆ, ಉಲ್ಟಾ ಕಾರಣಕ್ಕೆ. ಕಿವಿ ಮಂದವಾದವರು ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಾರೆ. ತುಟಿ ಮರೆಮಾಡಿದರೆ ಮಾತ್ರ ಕಿವಿಗೆ ನಿಜವಾಗಿ ಎಷ್ಟು ಬಿತ್ತು ಅನ್ನುವುದು ತಿಳಿಯುತ್ತದೆ.

ಅರಕಲಗೂಡಿನ ಟೀಚರ್ ಬಂದದ್ದು ಒಂದು ವರ್ಷದ ದಸರಾ ರಜೆ ಶುರುವಾದಾಗ. ಅಲ್ಲಿಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಹೇಳುತ್ತಿದ್ದರು. ಐವತ್ತು ದಾಟಿದ, ಕಾಟನ್ ಸೀರೆಯ ಸೆರಗನ್ನು ಪಿನ್ ಮಾಡಿ ನೆಟ್ಟಗೆ ಕೂರುವ ಹೆಂಗಸು. ಎರಡೂ ಕಿವಿಗೆ ಯಂತ್ರವಿತ್ತು, ಬಹಳ ಹಿಂದೆ ನಾನೇ ಹಾಕಿಕೊಟ್ಟದ್ದು. ಅದನ್ನು ತಯಾರಿಸುತ್ತಿದ್ದ ಕಂಪನಿ ಆ ಮಾಡೆಲನ್ನು ಎಂದೋ ನಿಲ್ಲಿಸಿತ್ತು.

ತುಟಿಗೆ ಹಾಳೆ ಹಿಡಿದು ನಾನು ‘ಆ’ ಅಂದೆ, ಕೈ ಎತ್ತಿದರು. ‘ಊ’ ಅಂದೆ, ಎತ್ತಿದರು. ‘ಸ್’ ಅಂದೆ. ಸುಮ್ಮನೆ ಕೂತಿದ್ದರು. ಇನ್ನೂ ಜೋರಾಗಿ ಅಂದೆ. ಆಗಲೂ ನನ್ನ ಹಾಳೆಯನ್ನೇ ನೋಡುತ್ತಾ ಕೂತಿದ್ದರು. ಕಿವಿ ಇನ್ನಷ್ಟು ಇಳಿದಿತ್ತು, ಯಂತ್ರ ಮಾತ್ರ ಹಳೆಯ ಲೆಕ್ಕದಲ್ಲೇ ಇತ್ತು.

ಅವರ ಕಷ್ಟ ಇಷ್ಟೇ. ಮಕ್ಕಳು ಹಿಂದಿನ ಬೆಂಚಿನಿಂದ ‘ಮಿಸ್’ ಎಂದು ಕರೆದರೆ ಅವರಿಗೆ ಆ ಕೊನೆಯ ‘ಸ್’ ಕೇಳಿಸುತ್ತಿರಲಿಲ್ಲ, ಉಳಿದ ‘ಮಿ’ ಗದ್ದಲದಲ್ಲಿ ಕರಗಿಹೋಗುತ್ತಿತ್ತು. ಮಕ್ಕಳು ಮನೆಯಲ್ಲಿ ಹೇಳಿದ್ದರು, ತಂದೆತಾಯಿಯರು ಶಾಲೆಗೆ ಬಂದು ದೂರು ಕೊಟ್ಟಿದ್ದರು. ರಜೆ ಮುಗಿದು ಶಾಲೆ ತೆರೆಯುವ ದಿನವೇ ಶಿಕ್ಷಣ ಇಲಾಖೆಯ ಕಚೇರಿಯಿಂದ ಇಬ್ಬರು ಬಂದು ಅವರ ತರಗತಿಯಲ್ಲಿ ಕೂತು ನೋಡುವುದೆಂದು ಆಗಿತ್ತು. ಪಾಠ ನಡೆಸಲು ಆಗುವುದಿಲ್ಲ ಎಂದು ಆ ಇಬ್ಬರಿಗೆ ಅನ್ನಿಸಿದರೆ ಟೀಚರಿಗೆ ಕಚೇರಿ ಕೆಲಸ, ಇನ್ನು ತರಗತಿ ಇಲ್ಲ.

“ಕುರ್ಚಿ ಸಿಗುತ್ತೆ, ಫ್ಯಾನ್ ಸಿಗುತ್ತೆ ಮೇಡಂ. ಮಕ್ಕಳು ಸಿಗಲ್ಲ” ಅಂದರು.

ಹೊಸ ಯಂತ್ರ ತರಿಸಬಹುದಿತ್ತು. ಆದರೆ ತರಿಸಿ, ಹೊಂದಿಸಿ, ಆ ಹೊಸ ಲೋಕದ ಸದ್ದಿಗೆ ತಲೆ ಒಗ್ಗಬೇಕಾದರೆ ವಾರಗಳೇ ಬೇಕು. ಹಳೆಯದನ್ನೇ ಈಗಿನ ಕಿವಿಗೆ ಮತ್ತೆ ಹೊಂದಿಸುವುದೊಂದೇ ದಾರಿ. ಅದಕ್ಕೆ ನನ್ನ ಅತಿಥಿ ಬೇಕಿತ್ತು.

ಅತಿಥಿ ಎಂದರೆ ಏನೆಂದು ಹೇಳಬೇಕು. ನನ್ನ ಲ್ಯಾಪ್‌ಟಾಪಿನ ಹಳೆಯ ವಿಂಡೋಸ್ ವೈರಸ್ ಹತ್ತಿ ಹಾಳಾದಾಗ, ನಮ್ಮ ಮಹಡಿಯ ಮೇಲೆ ಬಾಡಿಗೆಗಿದ್ದ ಎಂಜಿನಿಯರಿಂಗ್ ಕಾಲೇಜಿನ ಲೆಕ್ಚರರ್ ಹುಡುಗಿ ಅದನ್ನು ಪೂರ್ತಿ ತೊಳೆದು ಅದರ ಬದಲು ಲಿನಕ್ಸ್ ಹಾಕಿದಳು. ಲಿನಕ್ಸ್ ಚೆನ್ನಾಗಿಯೇ ಓಡುತ್ತಿತ್ತು. ಆದರೆ ಆ ಕಿವಿಯಂತ್ರಗಳನ್ನು ಹೊಂದಿಸುವ ಸಾಫ್ಟ್‌ವೇರ್ ಹಳೆಯ ವಿಂಡೋಸ್ ಬಿಟ್ಟು ಬೇರೆಲ್ಲೂ ಕಾಲಿಡುವುದಿಲ್ಲ. ಆಗ ಅವಳು ಲಿನಕ್ಸ್‌ನ ಒಳಗೇ ಒಂದು ವರ್ಚುವಲ್ ಮೆಷೀನ್ ಕಟ್ಟಿ, ಅದರಲ್ಲಿ ಹಳೆಯ ವಿಂಡೋಸನ್ನು ಕೂರಿಸಿದಳು. ಲಿನಕ್ಸ್ ಹೋಸ್ಟ್, ವಿಂಡೋಸ್ ಗೆಸ್ಟ್. ಪರದೆಯ ಮೇಲೆ ಒಂದು ಕಿಟಕಿ ತೆರೆಯುತ್ತದೆ, ಆ ಕಿಟಕಿಯೊಳಗೆ ಇನ್ನೊಂದು ಇಡೀ ಕಂಪ್ಯೂಟರ್ ಎದ್ದು ಕೂರುತ್ತದೆ, ತಾನೇ ಮನೆಯ ಯಜಮಾನ ಎಂದು ತಿಳಿದುಕೊಂಡು. ಅದಕ್ಕೆ ಗೊತ್ತೇ ಇಲ್ಲ, ತಾನು ಒಬ್ಬರ ನಡುಮನೆಯಲ್ಲಿ ಚಾಪೆ ಹಾಸಿಸಿಕೊಂಡು ಕೂತಿದ್ದೇನೆ ಎಂದು.

ಅತಿಥಿಗೆ ಉಪಚಾರ ಬೇಕಾಗುತ್ತಿತ್ತು. ಕಿವಿಯಂತ್ರಕ್ಕೆ ವೈರು ಹೋಗುವ ಒಂದು ಸಣ್ಣ ಡಬ್ಬಿ ಇದೆ, ಪ್ರೋಗ್ರಾಮಿಂಗ್ ಬಾಕ್ಸ್. ಅದನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಮೊದಲು ಲಿನಕ್ಸ್‌ಗೆ ಕಾಣುತ್ತದೆ. ಆಮೇಲೆ ಮೆನುವಿಗೆ ಹೋಗಿ, ಈ ಡಬ್ಬಿಯನ್ನು ಅತಿಥಿಗೆ ಕೊಡು ಎಂದು ಟಿಕ್ ಹಾಕಬೇಕು. ಒಂದೇ ತಟ್ಟೆಯಲ್ಲಿ ಇಬ್ಬರು ಉಣ್ಣುವ ಹಾಗಿಲ್ಲ. ಟಿಕ್ ಹಾಕಿದ ಕ್ಷಣ ಲಿನಕ್ಸ್ ಕೈ ಬಿಡುತ್ತದೆ, ಕಿಟಕಿಯೊಳಗಿಂದ ‘ಟುಣ್-ಟಿಣ್’ ಕೇಳುತ್ತದೆ. ಬಂತು, ಸಿಕ್ಕಿತು ಎಂದು ಅತಿಥಿ ಹೇಳುವ ರೀತಿ ಅದು.

ಲೆಕ್ಚರರ್ ಹುಡುಗಿ ನನಗೆ ಒಂದು ನಿಯಮ ಹೇಳಿಕೊಟ್ಟಿದ್ದಳು. “ಆಂಟಿ, ಮೊದ್ಲು ಒಳಗಿಂದನ್ನ ಶಟ್‌ಡೌನ್ ಮಾಡಿ, ಆಮೇಲೆ ಲ್ಯಾಪ್‌ಟಾಪ್ ಆಫ್ ಮಾಡಿ. ಯಾವತ್ತೂ ಉಲ್ಟಾ ಮಾಡ್ಬೇಡಿ. ಗೆಸ್ಟ್ ಊಟ ಮಾಡ್ತಿರೋವಾಗ ಮನೆ ಲೈಟ್ ಆರಿಸಿದ ಹಾಗಾಗುತ್ತೆ.”

ಈ ನಿಯಮ ನನಗೆ ಗೊತ್ತಿತ್ತು. ನನ್ನ ಓರಗಿತ್ತಿಗೆ ಗೊತ್ತಿರಲಿಲ್ಲ.

ಓರಗಿತ್ತಿ ಎಂದರೆ ನನ್ನ ಮೈದುನನ ಹೆಂಡತಿ. ಚನ್ನರಾಯಪಟ್ಟಣದ ಕಡೆಯ ತೆಂಗಿನಕಾಯಿ ವ್ಯಾಪಾರಸ್ಥರ ಮನೆಯ ಹೆಣ್ಣು. ಇಬ್ಬರೂ ಗಂಡಂದಿರು ಹೋದ ಮೇಲೆ ನಾವಿಬ್ಬರೂ ಒಂದೇ ಮನೆಯಲ್ಲಿ ಇದ್ದೇವೆ, ಅಡುಗೆಮನೆ ಅವಳದು, ಮುಂದಿನ ಕೋಣೆ ನನ್ನದು. ಆಯುಧಪೂಜೆಯ ದಿನ ಮಾತ್ರ ಮುಂದಿನ ಕೋಣೆಯೂ ಅವಳದೇ. ಅವತ್ತು ಈಳಿಗೆಮಣೆ, ಮಿಕ್ಸಿ, ಸ್ಕೂಟರ್, ನನ್ನ ಆಡಿಯೋಮೀಟರ್, ಲ್ಯಾಪ್‌ಟಾಪ್, ಡಬ್ಬಿ, ಎಲ್ಲವನ್ನೂ ಒರೆಸಿ ಸಾಲಾಗಿ ಜೋಡಿಸಿ, ವಿಭೂತಿಯನ್ನು ನೀರಿನಲ್ಲಿ ಕಲೆಸಿ ಒಂದೊಂದಕ್ಕೂ ಮೂರು ಬೆರಳಿನ ಪಟ್ಟೆ ಎಳೆದು, ಕುಂಕುಮ ಇಟ್ಟು, ಸೇವಂತಿಗೆ ಏರಿಸಿ ಮಂಗಳಾರತಿ ಮಾಡುತ್ತಾಳೆ. ಮಾರನೆಯ ದಿನದವರೆಗೆ ಯಾರೂ ಮುಟ್ಟುವ ಹಾಗಿಲ್ಲ. ದುಡಿಯುವ ವಸ್ತುಗಳಿಗೂ ಒಂದು ದಿನ ವಿರಾಮ ಬೇಕಲ್ಲ. ಇಟ್ಸ್ ಎ ಲವ್ಲಿ ಕಸ್ಟಮ್, ಐ ಮಸ್ಟ್ ಸೇ.

ಆ ಬೆಳಿಗ್ಗೆ ಟೀಚರ್ ಕಿವಿಯ ಹೊಸ ಲೆಕ್ಕಗಳನ್ನೆಲ್ಲ ಅತಿಥಿಯೊಳಗೆ ತುಂಬಿಸುತ್ತಾ ಕೂತಿದ್ದವಳು, ನೀರು ಕಾದಿದೆ ಎಂದು ಅವಳು ಕೂಗಿದ್ದಕ್ಕೆ ಎದ್ದು ಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ ಲ್ಯಾಪ್‌ಟಾಪ್ ಮುಚ್ಚಿ, ಮೂರು ಪಟ್ಟೆ ಎಳೆಸಿಕೊಂಡು, ಮಿಕ್ಸಿಯ ಪಕ್ಕದಲ್ಲಿ ಹೂ ಮುಡಿದು ಕೂತಿತ್ತು.

ಹೇಗೆ ಆಫ್ ಮಾಡಿದೆ ಎಂದು ಕೇಳಿದೆ.

“ಆ ಗುಂಡೀನ ಒತ್ತಿ ಇಡ್ಕಂಡೆ ಕನಕ್ಕ, ದೀಪ ಓಗಗಂಟ” ಅಂದಳು. “ಎಂಗೆಂಗೋ ಒಂದ್ ಕಿಟ್ಕಿ ಒಳಗೊಂದ್ ಕಿಟ್ಕಿ ಇತ್ತು, ಯಾವ್ದ ಮುಚ್ಚಾದು ಗೊತ್ತಾಗ್ನಿಲ್ಲ. ವರ್ಸಕ್ಕೊಂದಿನ ಪೂಜೆ ಮಾಡೋವಾಗ್ಲೂ ಅದು ಗುರ್ ಅಂತಿದ್ರೆ ಶಿವ ಮೆಚ್ತಾನಾ?”

ಮಂಗಳಾರತಿ ಆಗಿಹೋಗಿತ್ತು. ಈಗ ಹೂ ತೆಗೆದು ಲ್ಯಾಪ್‌ಟಾಪ್ ತೆರೆ ಎಂದರೆ ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಆ ದಿನವೆಲ್ಲ ಆ ಹೂವನ್ನೇ ನೋಡುತ್ತಾ ಓಡಾಡಿದೆ. ಮಾರನೆಯ ದಿನ ವಿಜಯದಶಮಿ, ಅದರ ಮಾರನೆಯ ದಿನ ಟೀಚರ್ ಬರುವುದು, ಅದರ ಮಾರನೆಯ ದಿನ ಶಾಲೆ.

ವಿಜಯದಶಮಿ ಬೆಳಿಗ್ಗೆ ಅವಳು ಹೂ ತೆಗೆದ ಕೂಡಲೇ ತೆರೆದೆ. ಲಿನಕ್ಸ್ ಏನೂ ಆಗದವರ ಹಾಗೆ ಎದ್ದಿತು. ಕಿಟಕಿ ತೆರೆದು ಅತಿಥಿಯನ್ನು ಎಬ್ಬಿಸಿದೆ. ಕಪ್ಪು ಪರದೆ, ಅದರ ಮೇಲೆ ನಾಲ್ಕಾರು ಬಿಳಿ ಸಾಲು. ಯಾವುದೋ ಫೈಲು ಹಾಳಾಗಿದೆ, ಸಿಗುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಮತ್ತೆ ಎಬ್ಬಿಸಿದೆ. ಮತ್ತೆ ಅವೇ ಸಾಲು. ಓರಗಿತ್ತಿ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದಳು. ಲೋಟ ಮೇಜಿನ ಮೇಲಿಟ್ಟು ಹೋದಳು.

ಲೆಕ್ಚರರ್ ಹುಡುಗಿ ರಜೆಗೆ ಚನ್ನರಾಯಪಟ್ಟಣದ ತನ್ನ ಮನೆಯಲ್ಲಿದ್ದಳು. ಫೋನ್ ಮಾಡಿದೆ. ಎರಡು ಮೂರು ಉಪಾಯ ಹೇಳಿದಳು, ಯಾವುದಕ್ಕೂ ಅತಿಥಿ ಜಗ್ಗಲಿಲ್ಲ. ಕೊನೆಗೆ, ಸ್ನ್ಯಾಪ್‌ಶಾಟ್ ಒಂದಿದೆ ಅಂದಳು. ಅತಿಥಿಯನ್ನು ಮೊದಲು ಕೂರಿಸಿದ ದಿನ ಅವಳು ಅದರ ಸ್ಥಿತಿಯನ್ನೆಲ್ಲ ಫೋಟೋ ಹಿಡಿದ ಹಾಗೆ ಹಿಡಿದಿಟ್ಟಿದ್ದಳಂತೆ. ಅಲ್ಲಿಗೆ ಹಿಂತಿರುಗಬಹುದು. ಆದರೆ ಆ ದಿನದಿಂದ ಈಚೆಗೆ ಒಳಗೆ ಏನೆಲ್ಲ ಸೇರಿದೆಯೋ ಅದೊಂದೂ ಇರುವುದಿಲ್ಲ.

ಅಂದರೆ ಆಮೇಲೆ ನನ್ನ ಹತ್ತಿರ ಬಂದ ಅಷ್ಟೂ ಜನರ ಕಿವಿಗಳ ಲೆಕ್ಕ. ಹೊಳೆನರಸೀಪುರದ ನೇಕಾರ ಅಜ್ಜ, ದುದ್ದದ ಡೈರಿಯ ಹೆಂಗಸು, ಬೂವನಹಳ್ಳಿಯ ಅವಳಿ ಮಕ್ಕಳು. ಹಾಳಾದ ಅತಿಥಿಯನ್ನು ಹಾಗೆಯೇ ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿ ಇಡಿ, ನಾನು ಬಂದಮೇಲೆ ಒಳಗಿರುವುದನ್ನು ತೆಗೆಯಲು ನೋಡುತ್ತೇನೆ ಎಂದಳು. ಪ್ರಾಮಿಸ್ ಮಾಡಲ್ಲ ಆಂಟಿ, ಅಂದಳು. ಕಾಪಿ ಆಗುವವರೆಗೂ, ಕರೆಂಟ್ ಹೋಗದಿರಲಿ ಎಂದು ಯುಪಿಎಸ್ಸಿನ ಹಸಿರು ದೀಪ ನೋಡುತ್ತಾ ಕೂತೆ. ಆಮೇಲೆ ಸ್ನ್ಯಾಪ್‌ಶಾಟಿನ ಮೇಲೆ ಬಾಣ ಇಟ್ಟು ಒತ್ತಿದೆ.

ಅತಿಥಿ ಎದ್ದ. ಹಸಿರು ಹುಲ್ಲುಗಾವಲಿನ ಚಿತ್ರ, ಮೂಲೆಯಲ್ಲಿ ಹಳೆಯ ದಿನಾಂಕ. ಸಾಫ್ಟ್‌ವೇರ್ ತೆರೆದರೆ ಪಟ್ಟಿಯಲ್ಲಿ ಒಂದೇ ಹೆಸರು, ನನ್ನ ಯಜಮಾನರದು. ಅವತ್ತು ಸರಿಯಾಗಿ ಕೆಲಸ ಮಾಡುತ್ತದೆಯೇ ನೋಡೋಣ ಎಂದು ಅವರನ್ನೇ ಕೂರಿಸಿಕೊಂಡು ಪರೀಕ್ಷೆ ಮಾಡಿದ್ದೆ. ‘ಮುಂದಿನ ಭೇಟಿ’ ಎಂಬಲ್ಲಿ ಒಂದು ದಿನಾಂಕ ಇತ್ತು. ಅವರು ಹೋದಮೇಲೆ ಆ ಪುಟವನ್ನು ನಾನೇ ಮುಚ್ಚಿದ್ದೆ, ಇಲ್ಲಿ ಅದು ಇನ್ನೂ ತೆರೆದೇ ಇತ್ತು. ಆ ಕಿಟಕಿಯೊಳಗೆ ಅವರು ಇನ್ನೂ ಬರಬೇಕಾದವರು. ಬಹಳ ಹೊತ್ತು ನೋಡಲಿಲ್ಲ. ನೋಡಲು ಪುರಸೊತ್ತಿರಲಿಲ್ಲ.

ಡಬ್ಬಿ ಸಿಕ್ಕಿಸಿದೆ. ಟಿಕ್ ಹಾಕಿದೆ. ಟುಣ್-ಟಿಣ್. ದೇವರೇ, ಎಂದು ಕುರ್ಚಿಗೆ ಒರಗಿದೆ. ಟೀಚರ್ ಕಿವಿಯ ಲೆಕ್ಕ ಕಾಗದದ ಮೇಲೆ ಇತ್ತು, ಮತ್ತೆ ತುಂಬಿಸಿದೆ. ಮುಗಿಸಿ ಎದ್ದೇಳುವಾಗ, ಯಾರೂ ಮುಟ್ಟದಿದ್ದರೂ, ಕಿಟಕಿಯೊಳಗಿಂದ ಒಮ್ಮೆ ಇಳಿಯುವ ಜೋಡಿ ಬಂತು. ಟಿಣ್-ಟುಣ್. ಕೂಡಲೇ ಏರುವ ಜೋಡಿಯೂ ಬಂತು. ವೈರು ಅಲ್ಲಾಡಿರಬೇಕು ಅಂದುಕೊಂಡೆ. ಅಂದುಕೊಂಡೆನೇ ಹೊರತು ನಂಬಲಿಲ್ಲ.

ಟೀಚರ್ ಬೆಳಗಿನ ಮೊದಲ ಬಸ್ಸಿಗೇ ಅರಕಲಗೂಡಿನಿಂದ ಬಂದರು. ಓರಗಿತ್ತಿ ಅವರಿಗೆ ಅಕ್ಕಿರೊಟ್ಟಿ ಕೊಟ್ಟಳು, ತಿನ್ನಲಿಲ್ಲ. ಎರಡೂ ಯಂತ್ರ ಬಿಚ್ಚಿ ನನ್ನ ಮುಂದಿಟ್ಟರು. ಯಂತ್ರ ಬಿಚ್ಚಿದ ಮೇಲೆ ಅವರ ಕಣ್ಣು ನನ್ನ ತುಟಿ ಬಿಟ್ಟು ಕದಲಲಿಲ್ಲ. ಎಡಕ್ಕೆ ನೀಲಿ ವೈರು, ಬಲಕ್ಕೆ ಕೆಂಪು ವೈರು, ನಮ್ಮ ಕಸುಬಿನಲ್ಲಿ ಅದೇ ಪದ್ಧತಿ. ಎರಡನ್ನೂ ಸಿಕ್ಕಿಸಿ, ಯಂತ್ರದೊಳಗಿನ ಈಗಿನ ಲೆಕ್ಕವನ್ನು ಓದು ಎಂದು ಅತಿಥಿಗೆ ಹೇಳಿದೆ. ಅರ್ಧ ಓದಿ ನಿಂತಿತು.

ಟಿಣ್-ಟುಣ್.

ವೈರು ಬದಲಾಯಿಸಿದೆ. ಲ್ಯಾಪ್‌ಟಾಪಿನ ಬೇರೆ ತೂತಿಗೆ ಸಿಕ್ಕಿಸಿದೆ. ಮತ್ತೆ ಟಿಕ್ ಹಾಕಿದೆ. ಟುಣ್-ಟಿಣ್. ಈ ಸಲ ಪೂರ್ತಿ ಓದಿತು. ಆದರೆ ನನಗೆ ಧೈರ್ಯ ಬರಲಿಲ್ಲ. ಓದುವಾಗ ಕೈತಪ್ಪಿದರೆ ಪರವಾಗಿಲ್ಲ, ಮತ್ತೆ ಓದಬಹುದು. ಬರೆಯುವಾಗ ಕೈತಪ್ಪಿದರೆ ಆ ಹಳೆಯ ಯಂತ್ರಗಳು ಅರ್ಧ ಹಳೆಯದು ಅರ್ಧ ಹೊಸದು ಹಿಡಿದುಕೊಂಡು ಮೂಕವಾಗಿಬಿಡುತ್ತವೆ. ಅಂಥದ್ದನ್ನು ಕಂಪನಿಯೇ ಸರಿಮಾಡಬೇಕು, ಕಂಪನಿ ಆ ಮಾಡೆಲನ್ನು ಬಿಟ್ಟು ಎಷ್ಟೋ ಕಾಲವಾಗಿದೆ.

ಇದನ್ನೆಲ್ಲ ಟೀಚರಿಗೆ ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದೆ. ಈಗ ಇರುವ ಹಾಗೇ ಬಿಟ್ಟರೆ ಅಷ್ಟಿಷ್ಟಾದರೂ ಕೇಳುತ್ತದೆ. ಬರೆಯಲು ಹೋಗಿ ತಪ್ಪಿದರೆ ನಾಳೆ ಬೆಳಿಗ್ಗೆ ಏನೂ ಇರುವುದಿಲ್ಲ.

ಅವರು ಮೇಜಿನ ಮೇಲಿನ ಎರಡು ಯಂತ್ರಗಳನ್ನು ನೋಡಿದರು. “ಈಗ ಅಷ್ಟಿಷ್ಟು ಕೇಳ್ಸೋದ್ರಲ್ಲೇ ಅಲ್ವಾ ಮೇಡಂ ನನ್ನ ಕ್ಲಾಸ್ ಹೋಗ್ತಿರೋದು” ಅಂದರು. ಆಮೇಲೆ, “ಒಂದೊಂದಾಗಿ ಮಾಡಿ. ಎರಡನ್ನೂ ಒಟ್ಟಿಗೆ ನೀರಿಗೆ ಇಳಿಸೋದು ಬೇಡ.”

ಕೆಂಪು ವೈರು ಕಿತ್ತಿಟ್ಟೆ. ನೀಲಿ ಮಾತ್ರ ಉಳಿಯಿತು. ಬರೆ ಎಂದು ಒತ್ತಿ, ಕೈಯನ್ನು ಮೇಜಿನಿಂದ ದೂರ ಇಟ್ಟುಕೊಂಡೆ, ಮೇಜು ಅಲ್ಲಾಡೀತು ಎಂದು. ಹಸಿರು ಪಟ್ಟಿ ಎಡದಿಂದ ಬಲಕ್ಕೆ ತೆವಳಿತು. ಓರಗಿತ್ತಿ ಬೀದಿಯ ಬಾಗಿಲಿಗೆ ಅಡ್ಡ ನಿಂತುಕೊಂಡಿದ್ದಳು, ಯಾರೂ ಒಳಗೆ ಬರದ ಹಾಗೆ. ಪಟ್ಟಿ ಕೊನೆ ಮುಟ್ಟಿತು.

ಎಡ ಯಂತ್ರ ಟೀಚರ್ ಕಿವಿಗೆ ಹಾಕಿ, ತುಟಿಗೆ ಹಾಳೆ ಹಿಡಿದು ‘ಸ್’ ಅಂದೆ. ಮೆಲ್ಲಗೆ, ಸಿಸ್ಟರ್ ಕಲಿಸಿದ ಹಾಗೆ, ಹಾಳೆ ಅಲ್ಲಾಡದಂತೆ.

ಅವರ ಕೈ ತಕ್ಷಣ ಮೇಲೆದ್ದಿತು. ಮತ್ತೆ ಅಂದೆ, ಮತ್ತೆ ಎದ್ದಿತು. ಕುಕ್ಕರಿನ ಆವಿ ಸೋರುತ್ತಿರುವುದು ಒಳಗಿನಿಂದ ಕೇಳುತ್ತಿದೆ ಎಂದರು. ಹೌದು, ಸೋರುತ್ತಿತ್ತು, ನಾನೇ ಗಮನಿಸಿರಲಿಲ್ಲ.

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಒಂದು ಕಿವಿ ಹೊಸ ಲೆಕ್ಕದಲ್ಲಿ, ಇನ್ನೊಂದು ಹಳೆಯದರಲ್ಲಿ ಇದ್ದರೆ ತಲೆ ಗೊಂದಲಗೊಳ್ಳುತ್ತದೆ. ಅವರೂ ಬಲಗಡೆಯದನ್ನು ನನ್ನ ಕಡೆಗೆ ತಳ್ಳಿದರು. ಕೆಂಪು ವೈರು ಸಿಕ್ಕಿಸಿದೆ. ಒತ್ತಿದೆ. ಪಟ್ಟಿ ತೆವಳಿತು, ಅರ್ಧ ದಾಟಿತು, ಮುಕ್ಕಾಲು ದಾಟಿತು.

ಟಿಣ್-ಟುಣ್.

ಪಟ್ಟಿ ಅಲ್ಲೇ ನಿಂತಿತು. ಈ ಸಲ ಟೀಚರಿಗೂ ಕೇಳಿಸಿತ್ತು, ಹೊಸ ಕಿವಿಯಲ್ಲಿ. ‘ಏನದು?’ ಎಂದು ಹುಬ್ಬು ಎತ್ತಿದರು.

ಡಬ್ಬಿಯನ್ನು ಕೈಗೆತ್ತಿಕೊಂಡು ಮೊದಲ ಸಲ ಅದರ ಹಿಂಭಾಗ ನೋಡಿದೆ. ಲ್ಯಾಪ್‌ಟಾಪಿನ ವೈರು ಹೋಗುವ ತೂತಿನ ಅಂಚಿಗೆ ಬೆಳ್ಳಗೆ ಏನೋ ಕಂಡಿತು. ಕಿವಿ ನೋಡುವ ಟಾರ್ಚ್ ಹಾಕಿ ಭೂತಗನ್ನಡಿ ಹಿಡಿದೆ. ತೂತಿನೊಳಗೆ ಸುಣ್ಣ ಬಳಿದ ಹಾಗೆ ಒಣಗಿ ಕೂತಿತ್ತು. ಹೊರಗೆ, ಡಬ್ಬಿಯ ಬೆನ್ನಿನ ಮೇಲೆ, ಒರೆಸಿದರೂ ಉಳಿದಿದ್ದ ಮೂರು ಮಸುಕು ಪಟ್ಟೆಗಳು. ಮಧ್ಯದ ಪಟ್ಟೆ ನೇರವಾಗಿ ತೂತಿಗೇ ಹೋಗಿತ್ತು.

ಓರಗಿತ್ತಿ ನನ್ನ ಭುಜದ ಮೇಲಿಂದ ಬಗ್ಗಿ ನೋಡಿದಳು.

“ಈಬೂತಿ ಅಲ್ವೇನಕ್ಕ ಅದು” ಅಂದಳು. “ನನ್ ಕೈ ಕನಕ್ಕ.”

ಟೀಚರಿಗೆ ಮಾತು ಪೂರ್ತಿ ಸಿಕ್ಕಿರಲಿಲ್ಲ. ಡಬ್ಬಿಯನ್ನು ಅವರ ಮುಂದೆ ಹಿಡಿದು ವಿಷಯ ಹೇಳಿದೆ. ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಓರಗಿತ್ತಿಯ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

“ನಮ್ಮನೇಲಿ ಬುದ್ಧನ ಪಟ ಒಂದೇ ಇರೋದು ಅಕ್ಕಾವ್ರೇ. ಮಿಕ್ಸಿ ಗಿಕ್ಸಿಗೆಲ್ಲ ಬರೀ ಒಣ ಬಟ್ಟೆ. ಮುಂದಿನ ವರ್ಷ ಈ ಡಬ್ಬಿನ ನಮ್ಮನೆಗೆ ಕಳ್ಸಿಬಿಡಿ.”

ಓರಗಿತ್ತಿ ಅಳುವುದೋ ನಗುವುದೋ ತಿಳಿಯದೆ ಸೆರಗು ಬಾಯಿಗಿಟ್ಟುಕೊಂಡಳು.

ಕಿವಿಯಂತ್ರ ತೊಳೆಯುವ ಸಣ್ಣ ಬ್ರಷ್ಷಿನಿಂದ, ಸ್ಪಿರಿಟ್ ಅದ್ದಿದ ಹತ್ತಿಯಿಂದ, ಆ ವಿಭೂತಿಯನ್ನು ಪುಡಿಪುಡಿಯಾಗಿ ಹೊರತೆಗೆದೆ. ಒಣಗಲು ಬಿಟ್ಟು, ಸಿಕ್ಕಿಸಿ, ಟಿಕ್ ಹಾಕಿದೆ. ಟುಣ್-ಟಿಣ್. ಆಮೇಲೆ ಆ ಅತಿಥಿ ಡಬ್ಬಿಯನ್ನು ಒಂದು ಸಲವೂ ಕೈಬಿಡಲಿಲ್ಲ. ವೈರು ಅಲ್ಲಾಡಿಸಿದೆ, ಮೇಜು ಕುಟ್ಟಿದೆ, ಬಂಡೆಯ ಹಾಗೆ ಹಿಡಿದುಕೊಂಡೇ ಇತ್ತು. ಬಲ ಯಂತ್ರವನ್ನು ಮಾತ್ರ ಅದು ಮತ್ತೆ ಗುರುತಿಸಲಿಲ್ಲ. ‘ಯಾವ ಉಪಕರಣವೂ ಇಲ್ಲ’ ಎಂದೇ ಹೇಳಿತು. ಬ್ಯಾಟರಿ ತೆಗೆದು ಹಾಕಿದೆ, ಅತಿಥಿಯನ್ನು ಮಲಗಿಸಿ ಎಬ್ಬಿಸಿದೆ, ಲೆಕ್ಚರರ್ ಹುಡುಗಿಗೆ ಮತ್ತೆ ಫೋನ್ ಮಾಡಿದೆ. ಲಿನಕ್ಸ್‌ನ ಕಡೆಯಿಂದ, ಒಳಗಿನ ವಿಂಡೋಸಿನ ಕಡೆಯಿಂದ ಎಲ್ಲ ಸರಿಯಾಗಿದೆ ಆಂಟಿ, ಆ ಯಂತ್ರವೇ ಮಾತಾಡ್ತಿಲ್ಲ ಅಂದಳು. ಮಧ್ಯಾಹ್ನ ಕಳೆದು ಬಿಸಿಲು ಕೋಣೆಯ ಒಳಗೆ ಬಂದಿತು. ಕೊನೆಗೆ ಕೆಂಪು ವೈರು ನಾನೇ ಕಿತ್ತೆ.

ಐ ಆಮ್ ಸಾರಿ, ಅಂದೆ.

ಟೀಚರ್ ಬಲ ಯಂತ್ರವನ್ನು ಕರ್ಚೀಫಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡರು. ನನ್ನ ಕೋಣೆಯ ಮಧ್ಯೆ ನಿಂತು, ಗೋಡೆ ನೋಡಿದರು, ಕಿಟಕಿ ನೋಡಿದರು, ಬಲಗೈಯನ್ನು ಗೋಡೆಗೆ ತಾಗಿಸಿ ನಿಂತರು. “ಹಿಂಗೆ ನಿಂತ್ರೆ ಎಲ್ಲರೂ ನನ್ನ ಎಡಕ್ಕೇ ಬರ್ತಾರಲ್ವಾ” ಎಂದು ತಮಗೇ ಹೇಳಿಕೊಂಡರು. ತಣ್ಣಗಾಗಿದ್ದ ಅಕ್ಕಿರೊಟ್ಟಿಯನ್ನು ಆಗ ತಿಂದರು, ಪೂರ್ತಿ.

ಮಾರನೆಯ ದಿನ ನಾನೂ ಅರಕಲಗೂಡಿಗೆ ಹೋದೆ. ಯಾರೂ ಕರೆದಿರಲಿಲ್ಲ, ಮನೆಯಲ್ಲಿ ಕೂರಲಾಗಲಿಲ್ಲ. ನಾನು ಅವರ ಕಿವಿಯ ಡಾಕ್ಟರು ಎಂದು ಹೇಳಿದ್ದಕ್ಕೆ ಮುಖ್ಯೋಪಾಧ್ಯಾಯಿನಿ ವರಾಂಡದಲ್ಲಿ, ತರಗತಿಯ ಕಿಟಕಿಯ ಹತ್ತಿರ, ಕುರ್ಚಿ ಹಾಕಿಸಿದರು. ಬೆಲ್ಲಿಗೆ ಮೊದಲೇ ಟೀಚರ್ ಮಕ್ಕಳಿಂದ ಬೆಂಚುಗಳನ್ನೆಲ್ಲ ಒಂದು ಕಡೆಗೆ ಎಳೆಸಿ, ತಾವು ಬೋರ್ಡಿನ ಗೋಡೆಯಂಚಿಗೆ ನಿಂತಿದ್ದರು, ಬಲ ಭುಜ ಗೋಡೆಗೆ.

ಕಚೇರಿಯ ಇಬ್ಬರು ಹಿಂದಿನ ಬೆಂಚಿನಲ್ಲಿ ಕೂತರು. ಕೆಟ್ಟವರಲ್ಲ, ತಮ್ಮ ಕೆಲಸ ಮಾಡುವವರು. ಪಾಠ ನಡೆಯಿತು. ಎದುರಿಗಿದ್ದಾಗ ಟೀಚರ್ ಪ್ರತಿ ಉತ್ತರವನ್ನೂ ಹಿಡಿದರು, ಆದರೆ ಅದು ತುಟಿ ನೋಡಿಯೋ ಕಿವಿಯಿಂದಲೋ ಎಂದು ಯಾರಿಗೆ ಗೊತ್ತು. ಅದು ಆ ಇಬ್ಬರಿಗೂ ಹೊಳೆದಿರಬೇಕು. ಟೀಚರ್ ಬೋರ್ಡಿನ ಕಡೆ ತಿರುಗಿ ಬರೆಯತೊಡಗಿದಾಗ, ಅವರಲ್ಲೊಬ್ಬರು ಪಕ್ಕದ ಹುಡುಗಿಯ ಕಡೆ ಬಗ್ಗಿ ಏನೋ ಹೇಳಿದರು. ಆ ಹುಡುಗಿ ಎದ್ದು ನಿಂತಳು.

“ಮಿಸ್” ಅಂದಳು. ಜೋರಾಗಿಯೇನೂ ಅಲ್ಲ.

ಚಾಕ್‌ಪೀಸ್ ಓಡುತ್ತಲೇ ಇತ್ತು. ಟೀಚರ್ ತಿರುಗಲಿಲ್ಲ. ಅಧಿಕಾರಿ ಇನ್ನೊಬ್ಬರ ಮುಖ ನೋಡಿದರು. ನಾನು ಕಿಟಕಿಯ ಸರಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅಂಗೈಯಲ್ಲಿ ಅದರ ಗುರುತು ಬಿದ್ದಿತ್ತು. ಆ ‘ಸ್’ ಅಲ್ಲಿಂದ ಬೋರ್ಡಿನವರೆಗೆ ಹೋಗಬೇಕು, ಒಂದು ಹಳೆಯ ಯಂತ್ರದೊಳಗೆ ಹೊಕ್ಕು, ನಿನ್ನೆ ಅತಿಥಿ ಬರೆದ ಲೆಕ್ಕದ ಪ್ರಕಾರ ದೊಡ್ಡದಾಗಬೇಕು, ಕಿವಿ ಮುಟ್ಟಬೇಕು. ದಾರಿಯಲ್ಲಿ ಎಲ್ಲಿ ಕಳೆದುಹೋಯಿತು?

ಟೀಚರ್ ಚಾಕ್‌ಪೀಸ್ ಎತ್ತದೆಯೇ, “ಇರಮ್ಮ ಒಂಚೂರು, ಈ ಸಾಲು ಮುಗಿಸಿಬಿಡ್ತೀನಿ” ಅಂದರು.

ಸಾಲು ಮುಗಿಸಿದರು. ಚುಕ್ಕೆ ಇಟ್ಟರು. ತಿರುಗಿ, “ಯಾರು ಕರೆದದ್ದು, ಕೈ ಎತ್ತಿ” ಎಂದರು. ಹುಡುಗಿ ಕೈ ಎತ್ತಿದಳು. ಕರೆದದ್ದು ಯಾಕೆಂದು ಅವಳಿಗೂ ಗೊತ್ತಿರಲಿಲ್ಲ, ನೀರು ಕುಡಿಯಲು ಹೋಗಲೇ ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು, ಕಚೇರಿಯವರೂ ನಕ್ಕರು.

ಯಾರು ಕರೆದದ್ದು ಎಂದು ಎಲ್ಲ ಟೀಚರುಗಳೂ ಕೇಳುತ್ತಾರೆ. ಇವರು ಕೇಳಿದ್ದು ಬೇರೆ ಕಾರಣಕ್ಕೆ ಎಂದು ಅಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಒಂದೇ ಕಿವಿಯಿಂದ ಕೇಳುವವರಿಗೆ ಸದ್ದು ತಿಳಿಯುತ್ತದೆ, ಅದು ಯಾವ ದಿಕ್ಕಿನಿಂದ ಬಂತು ಎಂದು ತಿಳಿಯುವುದಿಲ್ಲ. ದಿಕ್ಕು ಹೇಳಲು ಎರಡೂ ಕಿವಿ ಬೇಕು.

ಅವರ ತರಗತಿ ಅವರಿಗೇ ಉಳಿಯಿತು. ಮುಂದೆ ಬೇರೆ ಜಿಲ್ಲೆಗೆ ವರ್ಗವಾಗಿ ಹೋದರು, ಅಲ್ಲಿಯೇ ಹೊಸ ಯಂತ್ರಗಳನ್ನು ಹಾಕಿಸಿಕೊಂಡೆ ಎಂದು ಫೋನ್ ಮಾಡಿದ್ದರು. ಹೊಸವಕ್ಕೆ ಡಬ್ಬಿಯೂ ಬೇಡ, ವೈರೂ ಬೇಡ, ಹಳೆಯ ವಿಂಡೋಸೂ ಬೇಡ. ಲೆಕ್ಚರರ್ ಹುಡುಗಿ ರಜೆ ಮುಗಿಸಿ ಬಂದು, ಕಾಪಿ ಮಾಡಿಟ್ಟ ಹಾಳಾದ ಅತಿಥಿಯ ಹೊಟ್ಟೆಯಿಂದ ಉಳಿದವರ ಲೆಕ್ಕಗಳನ್ನು ಹೇಗೋ ಎತ್ತಿಕೊಟ್ಟಳು. ಆಯುಧಪೂಜೆ ನಮ್ಮ ಮನೆಯಲ್ಲಿ ಈಗಲೂ ನಡೆಯುತ್ತದೆ. ಡಬ್ಬಿಯನ್ನು ಮಾತ್ರ ಓರಗಿತ್ತಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಕವರಿನ ಮೇಲೆ ಪಟ್ಟೆ ಎಳೆಯುತ್ತಾಳೆ. ಅದಕ್ಕೂ ಮೊದಲು ಬಾಗಿಲಲ್ಲಿ ನಿಂತು, “ಒಳಗಡೆಯೋರು ಮಲ್ಗವ್ರಾ ಅಕ್ಕ?” ಎಂದು ಕೇಳುತ್ತಾಳೆ. ನಾನು ಮಲಗಿದ್ದಾರೆ ಅಂದಮೇಲೆಯೇ ವಿಭೂತಿ ಕಲೆಸುವುದು.

ಟೀಚರನ್ನು ನಾನು ಕೊನೆಯದಾಗಿ ನೋಡಿದ್ದು ಕಚೇರಿಯವರು ಬಂದಿದ್ದ ಆ ದಿನವೇ ಸಂಜೆ. ಹಾಸನದ ಬಸ್ಸು ಅರಕಲಗೂಡಿನ ಸ್ಟ್ಯಾಂಡಿನಿಂದ ಹೊರಟು ಶಾಲೆಯ ಮುಂದಿನ ರಸ್ತೆಗೆ ಬಂದಾಗ ಶಾಲೆ ಬಿಟ್ಟಿತ್ತು. ಅವರು ಕಾಂಪೌಂಡಿನ ಗೋಡೆಯನ್ನು ಬಲಕ್ಕಿಟ್ಟುಕೊಂಡು ನಡೆಯುತ್ತಿದ್ದರು, ಮಕ್ಕಳೆಲ್ಲ ಎಡಗಡೆ, ಒಬ್ಬರ ಮೇಲೊಬ್ಬರು ಬಿದ್ದುಕೊಂಡು ಏನೋ ಹೇಳುತ್ತಿದ್ದರು. ಬಸ್ಸು ಎಮ್ಮೆಗಳಿಗೆ ದಾರಿ ಬಿಡಲು ನಿಧಾನವಾಯಿತು. ನಾನು ಕಿಟಕಿಯಿಂದ ಬಗ್ಗಿ, ಈ ವಯಸ್ಸಿನಲ್ಲಿ, ಸ್ಕೂಲ್ ಹುಡುಗಿಯ ಹಾಗೆ ಕೂಗಿದೆ:

“ಮಿಸ್.”

ಅವರು ತಟ್ಟನೆ ನಿಂತರು. ಕೇಳಿಸಿತ್ತು. ಎಡಕ್ಕೆ ಮಕ್ಕಳ ಮುಖಗಳನ್ನು ಒಂದೊಂದಾಗಿ ನೋಡಿದರು, ಆಮೇಲೆ ಹಿಂದೆ ಶಾಲೆಯ ಗೇಟಿನ ಕಡೆ ನೋಡಿದರು, ಗೋಡೆಯ ಮೇಲೆ ನೋಡಿದರು. ಬಸ್ಸಿನ ಕಡೆ ಮಾತ್ರ ತಿರುಗಲಿಲ್ಲ. ನಾನು ಮತ್ತೆ ಕರೆಯುವಷ್ಟರಲ್ಲಿ ಎಮ್ಮೆಗಳು ದಾಟಿದವು. ಬಸ್ಸು ತಿರುವು ಮುಟ್ಟುವವರೆಗೂ ಅವರು ಅಲ್ಲೇ ನಿಂತಿದ್ದರು, ಯಾರು ಕರೆದದ್ದು ಎಂದು ಮಕ್ಕಳನ್ನು ಕೇಳುತ್ತಾ, ನಗುತ್ತಾ.